ಬಾವಿಯಲ್ಲಿರುವ ರಾಜಕುಮಾರಿಗಾಗಿ ಜನರೇಟರ್ ನಿಲ್ಲಿಸುವ ಬಗ್ಗೆ

ಇಂದ:
ಕಾಲರ್ ಹೊಲಿಯುವವಳು,
ಎರಡನೇ ಸಾಲು, ಹೊಲಿಗೆ ಹಾಲ್

ಗೆ:
ಮಾಲೀಕರು,
ಸಿದ್ಧ ಉಡುಪು ಕಾರ್ಖಾನೆ

ವಿಷಯ: ಶನಿವಾರ ಹೊಸ ಜನರೇಟರನ್ನು ಸ್ವಲ್ಪ ಹೊತ್ತು ಸುಮ್ಮನಿರಿಸುವ ಕುರಿತು.

ಉಲ್ಲೇಖ: "ಕೆಂಪು ಗುಂಡಿ ಒತ್ತಿದ್ದು ಯಾರು? ಯಾಕೆ?" ಎಂದು ತಾವು ನಿನ್ನೆ ಎಲ್ಲರೆದುರು ಕೂಗಿ ಹೊರಡಿಸಿದ ಮೌಖಿಕ ನೋಟಿಸು.

ಮಾನ್ಯರೇ,

ಜನರೇಟರಿನ ಆ ಗುಂಡಿ ಒತ್ತಿದವಳು ನಾನೇ. ಕಾರಣಗಳು ಈ ಕೆಳಕಂಡಂತಿವೆ.

೧. ಧೂಳು ಬಾರದಿರಲೆಂದು ನಮ್ಮ ಹೊಲಿಗೆ ಹಾಲ್‌ನ ಕಿಟಕಿಗಳಿಗೆ ತಗಡು ಹೊಡೆಸಿರುವ ಕಾರಣ, ಕರೆಂಟು ಹೋದರೆ ಹಾಡಹಗಲೇ ಕಗ್ಗತ್ತಲು. ಹಳೆಯ ಜನರೇಟರ್ ಇದ್ದಾಗ ಎಲೆಕ್ಟ್ರಿಷಿಯನ್ ಅಣ್ಣ ಡೀಸೆಲ್ ಪೈಪಿನ ಗಾಳಿ ತೆಗೆದು, ಹ್ಯಾಂಡಲ್ ತಿರುಗಿಸಿ, ಅದರ ವಂಶವನ್ನೆಲ್ಲ ಬೈದ ಮೇಲೆಯೇ ದೀಪ ಬರುತ್ತಿತ್ತು. ಅಷ್ಟರೊಳಗೆ ನಾನು ನನ್ನ ಅಜ್ಜಿಯ ಕಥೆಯೊಂದನ್ನು ತುಸು ಮುಂದಕ್ಕೆ ಹೇಳುತ್ತಿದ್ದೆ.

೨. ಊಟದ ಹೊತ್ತಿನಲ್ಲಿ ಹೇಳಬಹುದಲ್ಲ ಎಂದು ತಾವು ಕೇಳಬಹುದು. ಬೆಳಕಿನಲ್ಲಿ ಕಥೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ ಎಂಬುದು ಅಜ್ಜಿಯ ನಿಯಮ. ಒಮ್ಮೆ ಮೀರಿ ನೋಡಿದೆ. ಅಂದೇ, ಬಸ್ ಚಾಲಕರಾದ ನನ್ನ ಸೋದರಮಾವ ಪ್ರಯಾಣಿಕರ ಸಮೇತ ದಾರಿ ತಪ್ಪಿ, ಗುರುತಿಲ್ಲದವರ ಮದುವೆ ಮನೆ ಮುಂದೆ ಬಸ್ ನಿಲ್ಲಿಸಿದರು. ಎಲ್ಲರೂ ಉಂಡೇ ಬಂದರಂತೆ. ಆದರೂ ನಿಯಮ ನಿಯಮವೇ.

೩. ಹೀಗಿರುವಾಗ ತಾವು ಹೊಸ ಜನರೇಟರ್ ತಂದಿರಿ. ಅದು ತಾನೇ ಏಳುತ್ತದೆ, ರೆಪ್ಪೆ ಬಡಿಯುವುದರೊಳಗೆ ದೀಪ ಹಚ್ಚುತ್ತದೆ. ವ್ಯಾಪಾರಕ್ಕೆ ಒಳ್ಳೆಯದೇ, ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಕಥೆಯ ರಾಜಕುಮಾರಿ ತನ್ನ ಜಡೆಯನ್ನೇ ಹಗ್ಗ ಮಾಡಿ, ತುದಿಯನ್ನು ಅಕ್ಕಂದಿರ ಕೈಗೆ ಕೊಟ್ಟು, ಪಾಳುಬಾವಿಗೆ ಇಳಿದದ್ದಷ್ಟೇ. ಅಂದಿನಿಂದ ಹಾಗೆಯೇ ತೂಗಾಡುತ್ತಿದ್ದಾಳೆ.

೪. ಕಾಜಾ ಹೊಲಿಯುವ ದೊಡ್ಡಮ್ಮನವರು ಶನಿವಾರ ಕೆಲಸ ಬಿಟ್ಟು ದೂರದ ಮಗಳ ಮನೆಗೆ ಹೊರಡುತ್ತಿದ್ದಾರೆ. ಮೊನ್ನೆ ನನ್ನ ಕೈ ಹಿಡಿದುಕೊಂಡರು.

"ಏನೇ ಹುಡುಗಿ, ಆ ಅಕ್ಕಂದಿರು ಕೈ ಬಿಟ್ರಾ, ಹಿಡ್ಕೊಂಡ್ರಾ?"

"ಕತ್ತಲಾಗ್ಲಿ ದೊಡ್ಡಮ್ಮ, ಹೇಳ್ತೀನಿ."

"ಇನ್ನೆಲ್ಲಿ ಕತ್ತಲು ಮಾರಾಯ್ತಿ, ಆ ಹೊಸ ಭೂತ ಬಿಡುತ್ತಾ? ಅಲ್ಲಿ ಮೊಮ್ಮಕ್ಕಳು ಕಥೆ ಹೇಳು ಅಂತ ಮೈಮೇಲೆ ಬೀಳ್ತವೆ. ನಂಗೆ ಬರೋದು ಇದೊಂದೇ. ಕೊನೇನೇ ಗೊತ್ತಿಲ್ದೆ ಏನ್ ಹೇಳ್ಲಿ, ನನ್ನ ತಲೆ?"

ಆದ್ದರಿಂದ ನಿನ್ನೆ ಕರೆಂಟು ಹೋಗಿ ಜನರೇಟರ್ ಎದ್ದ ಕೂಡಲೇ ನಾನು ಹಿಂಬಾಗಿಲಿನಿಂದ ಶೆಡ್ಡಿಗೆ ಓಡಿ ಕೆಂಪು ಗುಂಡಿ ಒತ್ತಿದೆ. ಅದು ಬೆಂಕಿ ಬಿದ್ದಾಗ ಮಾತ್ರ ಒತ್ತುವ ಗುಂಡಿಯೆಂದು ಆಮೇಲೆ ತಿಳಿಯಿತು. ದೊಡ್ಡಮ್ಮನ ಹೊಟ್ಟೆಗೂ ಬೆಂಕಿಯೇ ಬಿದ್ದಿತ್ತು ಎಂಬುದನ್ನು ಪರಿಗಣಿಸಬೇಕು.

೫. ಓಡಿಬಂದು ಕಥೆ ಶುರುಮಾಡಿದೆ. ಹಿರಿಯಕ್ಕನ ಕೈ ಬೆವರಿ ಜಡೆ ಜಾರುತ್ತಿದೆ ಎನ್ನುವಾಗ, ಬಾಗಿಲ ಕಡೆಯಿಂದ ಒಂದು ಗಂಡು ಧ್ವನಿ, "ಹೂಂ, ಆಮೇಲೆ?" ಎಂದಿತು. ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ಅಣ್ಣ ಜನರೇಟರನ್ನು ಮತ್ತೆ ಎಬ್ಬಿಸಿ ದೀಪ ಬರಿಸಿಬಿಟ್ಟ. ಬಾಗಿಲಲ್ಲಿ ತಮ್ಮನ್ನು ಬಿಟ್ಟು ಬೇರೆ ಯಾರೂ ಕಾಣಲಿಲ್ಲ. ತಾವು ಕೆಮ್ಮಿ, ಮೇಲ್ಕಂಡ ನೋಟಿಸನ್ನು ಹೊರಡಿಸಿದಿರಿ. ಆ ಧ್ವನಿಯವರು ಕಿಟಕಿಯಿಂದ ಹಾರಿರಬೇಕು ಎಂದು ನಾವೆಲ್ಲ ಒಮ್ಮತದಿಂದ ತೀರ್ಮಾನಿಸಿದ್ದೇವೆ, ಕಿಟಕಿಗೆ ತಗಡಿದ್ದರೂ ಸಹ.

ಆದಕಾರಣ, ಶನಿವಾರ ಚಹಾ ಹೊತ್ತಿಗೆ ಮೇನ್ ಸ್ವಿಚ್ ಆರಿಸಿ, ಜನರೇಟರ್ ಏಳದಂತೆ ತಡೆದು, ನಮಗೊಂದಿಷ್ಟು ಕತ್ತಲನ್ನು ಮಂಜೂರು ಮಾಡಬೇಕಾಗಿ ಪ್ರಾರ್ಥಿಸುತ್ತೇನೆ. ಉಳಿದ ಕಾಲರ್‌ಗಳನ್ನು ಸಂಜೆ ನಿಂತು ಮುಗಿಸಿಕೊಡುತ್ತೇವೆ.

ಹೊಲಿಗೆ ತಪ್ಪದ, ಗುಂಡಿ ತಪ್ಪಿದ,
ತಮ್ಮ ವಿಶ್ವಾಸಿ
(ಕಾಲರ್ ಹೊಲಿಯುವವಳು)

ಲಗತ್ತುಗಳು:
ಅ) ಎರಡನೇ ಸಾಲಿನವರೆಲ್ಲರ ಸಹಿ.
ಆ) ಮೊದಲನೇ ಸಾಲಿನವರದ್ದೂ, ಕೇಳದೆಯೇ ಹಾಕಿದರು.
ಇ) "ಹ್ಯಾಂಡಲ್ ತಿರುಗಿಸದೆ ತೋಳು ಜಡ್ಡುಗಟ್ಟಿದೆ" ಎಂಬ ಎಲೆಕ್ಟ್ರಿಷಿಯನ್ ಅಣ್ಣನ ಹೇಳಿಕೆ.

ವಿ.ಸೂ.: ಶನಿವಾರ ತಾವು ಬಾಗಿಲಲ್ಲಿ ನಿಲ್ಲದೆ, ಒಳಗೆ ಬಂದು ದೊಡ್ಡಮ್ಮನ ಪಕ್ಕದ ಸ್ಟೂಲಿನ ಮೇಲೆ ಕುಳಿತುಕೊಳ್ಳಬೇಕಾಗಿ ವಿನಂತಿ. ನಿಂತುಕೊಂಡು ಕೇಳುವವರಿಗೆ ಕಥೆಯ ಕೊನೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ.