ಅಡಿವೆಪ್ಪ ಮಾಸ್ತರರ ಹಿಗ್ಗುವ ರೂಟರ್

ಹುಬ್ಬಳ್ಳಿಯ ಅಡಿವೆಪ್ಪ ಮಾಸ್ತರರು ತಮ್ಮ ಹೊಸ ಯಂತ್ರದ ಮೇಲೆ ಹೊದಿಸಿದ್ದ ಚಾದರವನ್ನು ಸರ್ರನೆ ಎಳೆದಾಗ ಎದ್ದ ಧೂಳಿಗೆ ಧಾರವಾಡದಲ್ಲಿ ಕೂತವರೂ ಸೀನಿದರಂತೆ. ನಂಬದವರು ಹೋಗಿ ಕೇಳಿಕೊಂಡು ಬರಬಹುದು. ಧಾರವಾಡದಲ್ಲಿ ಇಂದಿಗೂ ಒಬ್ಬರಲ್ಲ ಒಬ್ಬರು ಸೀನುತ್ತಲೇ ಇರುತ್ತಾರೆ.

“ನೋಡ್ರಿ. ಜಗತ್ತಿನ್ಯಾಗ ಯಾರೂ ಮಾಡಿಲ್ಲ,” ಎಂದರು ಮಾಸ್ತರರು.

“ಯಾರಿಗೂ ಬೇಕಾಗಿರಲಿಲ್ಲ, ಮಾಡಿಲ್ಲ,” ಎಂದಳು ಹೆಂಡತಿ ಶಂಕ್ರವ್ವ, ಕೈಗೆ ಮೆತ್ತಿದ ಜೋಳದ ಹಿಟ್ಟನ್ನು ಕೊಡವುತ್ತ.

ಮಾಸ್ತರರು ಆಯುಷ್ಯವಿಡೀ ಒಂದು ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಲೇಥು ಕಲಿಸಿದವರು. ನಿವೃತ್ತಿಯಾದ ಮರುದಿನವೇ ಅವರಿಗೆ ಸಿಎನ್‌ಸಿ ರೂಟರಿನ ಹುಚ್ಚು ಹಿಡಿಯಿತು. ಕಂಪ್ಯೂಟರ್ ಹೇಳಿದಂತೆ ಕಟ್ಟಿಗೆ ಕೊಯ್ಯುವ, ಕೆತ್ತುವ ಯಂತ್ರ ಅದು. ಹುಚ್ಚೇನೋ ಸರಿ, ಆದರೆ ಯಾವ ಅಳತೆಯ ರೂಟರು? ಹಿತ್ತಲ ಖೋಲಿಗೆ ತಾಟಿನಷ್ಟು ಸಣ್ಣದು ತಂದರೆ ಮನೆಯ ಹೆಸರಿನ ಫಲಕ ಬಿಟ್ಟು ಬೇರೇನೂ ಹಿಡಿಸದು. ಬಾಗಿಲು ಮಲಗಿಸುವಷ್ಟು ದೊಡ್ಡದು ತಂದರೆ ಅದರ ಸುತ್ತ ಓಡಾಡಲು ಗೋಡೆ ಒಡೆಯಬೇಕು. ನಡುವಿನದು ತಂದರೆ ಬಾಗಿಲೂ ಹಿಡಿಸದು, ಖೋಲಿಯೂ ಉಳಿಯದು. ಈ ಒಂದು ಪ್ರಶ್ನೆಗೆ ಅವರು ನೆಲದ ಮೇಲೆ ಉಜ್ಜಿದ ಸೀಮೆಸುಣ್ಣದಲ್ಲಿ ಇಡೀ ಜಿಲ್ಲೆಯ ಶಾಲೆಗಳು ನಡೆಯುತ್ತಿದ್ದವು. ಅವರು ಗೆರೆ ಎಳೆಯುವುದು, ಶಂಕ್ರವ್ವ ಕಸ ಗುಡಿಸುವಾಗ ಒರೆಸುವುದು. ಹೀಗೇ ವರ್ಷ ಕಳೆಯಿತು. ಕೊನೆಗೆ ಕೊಳ್ಳುವುದೇ ಬೇಡವೆಂದು ತಾವೇ ಒಂದನ್ನು ಕಟ್ಟತೊಡಗಿದರು.

ಶಂಕ್ರವ್ವನಿಗೂ ಅದೇ ಖೋಲಿಯ ಮೇಲೆ ಕಣ್ಣು. ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಅವಳು ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದಳು. ಅವಳ ರೊಟ್ಟಿ ಎಷ್ಟು ತೆಳುವೆಂದರೆ ಅದರಾಚೆ ಹಿಡಿದ ಪಂಚಾಂಗವನ್ನು ಓದಬಹುದಿತ್ತು. ಆದರೆ ಒಲೆಗಳೆಲ್ಲ ಪಡಸಾಲೆಯಲ್ಲಿ. ಬಂದ ಬೀಗರು ರೊಟ್ಟಿಯ ಸಾಲು ಜಿಗಿದು ಒಳಗೆ ಬರಬೇಕಿತ್ತು. ಹಿತ್ತಲ ಖೋಲಿ ಸಿಕ್ಕರೆ ಸಾಲಾಗಿ ಒಲೆ ಹೂಡಬಹುದು, ಹೊಗೆಗೆ ಕಿಟಕಿಯೂ ಇದೆ.

ಜಗಳ ಅವಳ ಅಣ್ಣ ಚನಬಸಪ್ಪನ ಮುಂದೆ ಹೋಯಿತು. ನವನಗರದಲ್ಲಿ ಮನೆ ಕಟ್ಟಿಸುತ್ತಿದ್ದ ಚನಬಸಪ್ಪ ಅಡಿಕೆ ಜಗಿಯುತ್ತ ತೀರ್ಪು ಕೊಟ್ಟ: “ನನ್ನ ತಲಬಾಗಿಲಾ ತಂದು ಕೊಡ್ತೀನಿ. ಸಾಗವಾನಿ ಐತಿ. ಸ್ವಾಮವಾರ ಮುಹೂರ್ತ. ಮಾಸ್ತರ್ರ ಯಂತ್ರ ಚೆಂದಂಗ ಕೆತ್ತಿ ಕೊಟ್ಟರ ಖೋಲಿ ಅವರದು. ಕೆಡಿಸಿದ್ರ ತಂಗೀದು.”

ಅಂದಿನಿಂದ ಶಂಕ್ರವ್ವನ ಸಂಕಟ ಯಾರಿಗೂ ಬೇಡ. ಯಂತ್ರ ಸೋಲಬೇಕು, ಅಣ್ಣನ ಬಾಗಿಲು ಗೆಲ್ಲಬೇಕು. ಇಂಥ ಹರಕೆ ಹೊತ್ತರೆ ಯಾವ ದೇವರು ತಾನೇ ಒಪ್ಪಿಕೊಂಡಾನು!

ಈಗ ಹಿತ್ತಲ ಖೋಲಿಯಲ್ಲಿ, ಚನಬಸಪ್ಪ ತಂದು ಮಲಗಿಸಿದ್ದ ಬಾಗಿಲಿನ ಪಕ್ಕ, ಚಾದರ ಸರಿದು ಯಂತ್ರ ಕಾಣಿಸಿತು. ಹಗ್ಗದ ಮಂಚ ಹೊರಸನ್ನು ಮಡಿಚಿಟ್ಟ ಹಾಗೆ ಇತ್ತು. ನಾಲ್ಕು ಗಾಲಿಯ ಕಾಲು, ಹೊಟ್ಟೆಯ ಕೆಳಗೆ ಗರಗರ ತಿರುಗುವ ಕಟರು, ಮೇಲೊಂದು ಕೆಂಪು ಕಣ್ಣು.

“ಇಷ್ಟ ಏನ್ರಿ?” ಎಂದ ಚನಬಸಪ್ಪ. “ನನ್ನ ಬಾಗಿಲಾ ಇದರ ಮ್ಯಾಲೆ ಹೆಂಗ ಮಲಗತೈತಿ?”

“ಬಾಗಿಲಾ ಇದರ ಮ್ಯಾಲೆ ಮಲಗೂದಿಲ್ರಿ ಸಾವ್ಕಾರ. ಇದ ಬಾಗಿಲದ ಮ್ಯಾಲೆ ಏರತೈತಿ. ಇದಕ್ಕ ಅಳತೀನ ಇಲ್ಲ. ಕಟ್ಟಿಗಿ ಎಷ್ಟ ಐತೋ ಅಷ್ಟ ಹಿಗ್ಗತೈತಿ. ಕೆಲಸ ಮುಗೀತಂದ್ರ ಹೊರಸಿನ ಬುಡಕ ಹೋಗಿ ಮಲಗತೈತಿ.”

ಗುಂಡಿ ಒತ್ತಿದರು. ಯಂತ್ರ ಮೈಮುರಿಯಿತು, ಕೊಡೆಯ ಹಾಗೆ ಬಿಚ್ಚಿಕೊಂಡಿತು, ಬಾಗಿಲಿನ ಮೇಲೆ ಹಲ್ಲಿಯಂತೆ ಹರಿಯಿತು. ಹೊಟ್ಟು ಹಾರಿತು. ಚಹಾ ಕುದಿಯುವಷ್ಟರಲ್ಲಿ ಬಾಗಿಲ ತುಂಬ ಬಳ್ಳಿ, ಬಳ್ಳಿಯ ನಡುವೆ ಎರಡು ಆನೆ ಮೂಡಿದ್ದವು. ಆ ಆನೆಗಳು ಎಷ್ಟು ಜೀವಂತವಾಗಿದ್ದವೆಂದರೆ ಗೋಡೆಗೆ ಒರಗಿಸಿದ್ದ ಬಾಳೆಗೊನೆಯನ್ನು ಶಂಕ್ರವ್ವ ಮೆಲ್ಲಗೆ ಒಳಗಿಟ್ಟಳು.

ಖೋಲಿ ಕೈತಪ್ಪಿತೆಂದುಕೊಂಡಳು. ಒಲೆಗಳು ಪಡಸಾಲೆಯಲ್ಲೇ ಉಳಿದವು.

“ಕೆತ್ತನಿ ಬಾಳ ಚೆಂದ ಐತಿ,” ಎಂದ ಚನಬಸಪ್ಪ. “ಆದ್ರ ಆಯ ನೋಡೀರೇನು?”

ಆಯ ಬಲ್ಲವರಿಗೆ ಹೇಳಬೇಕಿಲ್ಲ, ಅರಿಯದವರು ಕೇಳಿ. ಉದ್ದ ಅಗಲ ಗುಣಿಸಿ ಎಂಟರಿಂದ ಭಾಗಿಸಿದರೆ ಉಳಿಯುವುದೇ ಆಯ. ಏಳು ಉಳಿದರೆ ಆನೆ, ಐದಕ್ಕೆ ಎತ್ತು, ಮೂರಕ್ಕೆ ಸಿಂಹ, ಒಂದಕ್ಕೆ ಧ್ವಜ, ಇವೆಲ್ಲ ಶುಭ. ಇವುಗಳ ನಡುವೆ ಒಂದೊಂದು ಕೇಡು ಕೂತಿರುತ್ತದೆ: ಆರಕ್ಕೆ ಕತ್ತೆ, ನಾಲ್ಕಕ್ಕೆ ನಾಯಿ, ಎರಡಕ್ಕೆ ಹೊಗೆ. ಏನೂ ಉಳಿಯದಿದ್ದರೆ ಕಾಗೆ. ಚನಬಸಪ್ಪ ಆಯ ನೋಡದೆ ಕರವಸ್ತ್ರವನ್ನೂ ಕೊಳ್ಳುತ್ತಿರಲಿಲ್ಲ.

“ಆಯ ಗೀಯ ವಿಜ್ಞಾನದಾಗ ಇಲ್ರಿ,” ಎಂದರು ಮಾಸ್ತರರು.

“ಹಂಗಾರ ನಿಮ್ಮ ಯಂತ್ರಕ್ಕ ಬರೂದಿಲ್ಲ ಅನ್ರಿ.”

ಈ ಮಾತು ನಾಟಿತು. ಮಾಸ್ತರರಿಗೆ ಬೈಯಿರಿ, ತಡೆದುಕೊಳ್ಳುತ್ತಾರೆ. ಯಂತ್ರಕ್ಕೆ ಬರುವುದಿಲ್ಲವೆಂದರೆ ತಡೆಯರು. ಲ್ಯಾಪ್‌ಟಾಪ್ ತೆರೆದು ಕಟಕಟನೆ ಆಯದ ಲೆಕ್ಕವನ್ನೆಲ್ಲ ಯಂತ್ರದ ತಲೆಗೆ ತುಂಬಿದರು.

“ದೋಷ ಇದ್ರ ಕೊಯ್ದು ಸರಿ ಮಾಡ್ಲಿ,” ಎಂದ ಚನಬಸಪ್ಪ ಅವರ ಹೆಗಲ ಮೇಲಿಂದ ಬಗ್ಗಿ. “ದೋಷ ಹೋಗೂತನಕ ಬಿಡಬಾರದು ಅಂತನೂ ಬರೀರಿ. ಯಾರ ಬ್ಯಾಡ ಅಂದ್ರೂ ಬಿಡಬಾರದು. ಅರ್ಧಮರ್ಧ ಕೆಲಸ ನಮಗ ಬ್ಯಾಡ.”

ಮಾಸ್ತರರು ಅದನ್ನೂ ಬರೆದರು.

ಯಂತ್ರದ ಕೆಂಪು ಕಣ್ಣು ಬಾಗಿಲಿನ ಮೇಲೆ ಹರಿದಾಡಿತು. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಕೂಗುವ ಹೆಂಗಸಿನ ದನಿಯಲ್ಲಿ ಹೇಳಿತು: “ಕಾಕಾಯ. ದೋಷವಿದೆ. ಗಜಾಯಕ್ಕೆ ಕೊಯ್ಯಲಾಗುವುದು.”

“ನೋಡಿದ್ರ್ಯಾ? ಕಾಗಿ ಇತ್ತು,” ಎಂದು ಚನಬಸಪ್ಪ ಕೈ ಮುಗಿದ. “ಉಳಿಸಿದ್ರಿ ಮಾಸ್ತರ್ರ.”

ಝರ್ರ್ ಎಂದು ಒಂದು ಅಂಚು ಹೋಯಿತು. ಯಂತ್ರ ಮತ್ತೆ ಅಳೆಯಿತು. “ಖರಾಯ. ದೋಷವಿದೆ. ವೃಷಭಾಯಕ್ಕೆ ಕೊಯ್ಯಲಾಗುವುದು.”

“ಆನಿ ಅಂದಿತ್ತಲ್ಲ, ಕತ್ತಿ ಹೆಂಗ ಬಂತು?” ಎಂದ ಚನಬಸಪ್ಪ.

ಎತ್ತಿಗೆಂದು ಕೊಯ್ದರೆ ನಾಯಿ ಬಂತು. ಸಿಂಹಕ್ಕೆಂದು ಕೊಯ್ದರೆ ಹೊಗೆ ಬಂತು. ಧ್ವಜಕ್ಕೆಂದು ಕೊಯ್ದರೆ ತಿರುಗಿ ಕಾಗೆಯೇ ಬಂದು ಕೂತಿತು. ಮತ್ತೆ ಆನೆ, ಮತ್ತೆ ಕತ್ತೆ. ತಲಬಾಗಿಲು ಬಚ್ಚಲ ಬಾಗಿಲಾಯಿತು, ಬಚ್ಚಲ ಬಾಗಿಲು ಕಿಟಕಿಯಾಯಿತು. ಕೆತ್ತಿದ ಆನೆಗಳಲ್ಲಿ ಒಂದರ ಬಾಲ ಹೋಯಿತು, ಇನ್ನೊಂದು ಪೂರ್ತಿ ಹೋಯಿತು.

ಶಂಕ್ರವ್ವ ಗಂಡನ ಮುಖ ನೋಡಿದಳು. ಅದು ಬೆಳ್ಳಗಾಗಿತ್ತು. “ಏನ ಮರತೀರಿ? ಬಾಯಿ ಬಿಡ್ರಿ.”

“ಕಟರಿಗೂ ದಪ್ಪ ಇರತೈತಿ,” ಎಂದರು ಮಾಸ್ತರರು ಸಣ್ಣ ದನಿಯಲ್ಲಿ. “ಗೆರಿ ಮ್ಯಾಲೆ ಕೊಯ್ದರ ಆ ದಪ್ಪದಷ್ಟ ಕಟ್ಟಿಗಿ ಹೊಟ್ಟಾಗಿ ಹೋಗತೈತಿ. ಅದನ್ನ ಹಿಡದು ಗೆರಿಯಿಂದ ಸರದು ಕೊಯ್ಯಬೇಕು. ನಾ ಹಿಡೀಲಿಲ್ಲ. ಪ್ರತಿ ಸಲ ಒಂದ ಮನಿ ಹಿಂದ ಬೀಳಾಕತ್ತೈತಿ.”

“ಇದನ್ನ ಮರತದ್ದಕ್ಕ ಎಷ್ಟ ಹುಡುಗೂರನ್ನ ಫೇಲ್ ಮಾಡೀರಿ?”

“ಈಗ ಆ ಮಾತ್ಯಾಕ?”

“ನಿಲ್ಲಸ್ರಿ ಅದನ್ನ ಮದಲ,” ಎಂದು ಚನಬಸಪ್ಪ ಕೂಗಿದ.

“ಯಾರ ಬ್ಯಾಡ ಅಂದ್ರೂ ಬಿಡಬಾರದು ಅಂತ ನೀವ ಬರಸೀರಿ. ಗುಂಡಿ ಒತ್ತಿದ್ರೂ ಕೇಳವಲ್ದು. ಬ್ಯಾಟರಿ ಅದರ ಹೊಟ್ಟ್ಯಾಗ ಐತಿ, ಕಟರಿನ ಬಾಜೂಕ. ನೀವ ಕೈ ಹಾಕ್ತೀರೇನು?”

ಚನಬಸಪ್ಪ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಬಾಗಿಲು ಕುಂತು ಉಣ್ಣುವ ಮಣೆಗಿಂತ ಸಣ್ಣದಾದಾಗ ಯಂತ್ರದ ಗಾಲಿ ಅದರಿಂದ ಜಾರಿ ನೆಲಕ್ಕೆ ಬಂತು. ಕೆಂಪು ಕಣ್ಣು ಖೋಲಿಯನ್ನೆಲ್ಲ ನೋಡಿತು. ದೋಷವಿಲ್ಲದ್ದು ಒಂದೂ ಕಾಣಲಿಲ್ಲವೆಂದು ತೋರುತ್ತದೆ.

“ಶ್ವಾನಾಯ,” ಎಂದು ಬೆಂಚಿನ ಮೇಲೆ ಏರಿತು. ಬೆಂಚು ಮೊಣಕಾಲೆತ್ತರದ ಸ್ಟೂಲಾಯಿತು. “ಧೂಮ್ರಾಯ,” ಎಂದು ಕಪಾಟಿಗೆ ಹತ್ತಿತು, ಕಪಾಟು ಅಂಚೆಡಬ್ಬಿಯಾಯಿತು. ಕಿಟಕಿಯ ಕದ ಚೀಟಿಯಷ್ಟಾಯಿತು. ಪಡಸಾಲೆಗೆ ನುಗ್ಗಿ ಹೊರಸಿನ ಕಾಲು ತಿಂದಿತು. ಹಾದಿಯಲ್ಲಿ ಕ್ಯಾಲೆಂಡರ್ ಸಿಕ್ಕಿತು. ಆ ಮನೆಯಲ್ಲಿ ಅಂದಿನಿಂದ ಯಾವ ತಿಂಗಳಿಗೂ ಭಾನುವಾರವಿಲ್ಲ. ಕೊನೆಗೆ ಕಣ್ಣು ಚನಬಸಪ್ಪನ ಮೇಲೆ ನಿಂತಿತು.

“ಉದ್ದವಿದೆ, ಅಗಲವಿದೆ, ಅಂಚಿದೆ. ಕಾಕಾಯ.”

“ಮಾಸ್ತರ್ರ, ನನಗ್ಯಾಕ ಅಳ್ಯಾಕತ್ತೈತಿ ಇದು?”

“ನಿಮಗಲ್ರಿ, ನಿಮ್ಮ ಧೋತರಕ್ಕ.”

ಚನಬಸಪ್ಪ ಓಡಿದ. ದಢೂತಿ ದೇಹದ ಆ ಮನುಷ್ಯ ಅಂದು ಓಡಿದ ರಭಸಕ್ಕೆ ಪದಕ ಕೊಡುವವರಿದ್ದರೆ ನಮ್ಮ ದೇಶಕ್ಕೆ ಒಂದು ಹೆಚ್ಚು ಬರುತ್ತಿತ್ತು. ಅಂಗಳ ಸುತ್ತುವಷ್ಟರಲ್ಲಿ ಧೋತರ ಅಡ್ಡಪಂಚೆಯಾಗಿತ್ತು, ಮತ್ತೊಂದು ಸುತ್ತಿಗೆ ಟವೆಲ್ಲಾಯಿತು. ಅವನು ತುಳಸಿಕಟ್ಟೆ ಏರಿ ಉಳಿದದ್ದನ್ನು ಎರಡೂ ಕೈಯಿಂದ ಹಿಡಿದುಕೊಂಡು, “ತಂಗೀ” ಎಂದ. ಆ ಒಂದು ಮಾತಿನಲ್ಲಿ ಅಷ್ಟು ದೈನ್ಯವಿತ್ತು.

ಶಂಕ್ರವ್ವನಿಗೆ ಖೋಲಿಯೂ ಮರೆತುಹೋಯಿತು, ಒಲೆಯೂ ಮರೆತುಹೋಯಿತು. ಪಂಥ ತಾನು ಗೆದ್ದೆನೆಂಬುದೂ ಹೊಳೆಯಲಿಲ್ಲ. ಸೆರಗು ಸಿಕ್ಕಿಸಿ ಯಂತ್ರಕ್ಕೆ ಅಡ್ಡ ನಿಂತಳು. ಕೈಯಲ್ಲಿ ಕೋಲಿರಲಿಲ್ಲ, ಇದ್ದದ್ದು ಬಾಯಿ, ಮತ್ತು ಆ ಬಾಯಿಗೆ ಹೆದರಿ ಓಣಿಯ ನಲ್ಲಿಗಳು ಹೊತ್ತಿಗೆ ಮುಂಚೆ ನೀರು ಬಿಡುತ್ತಿದ್ದವು.

“ಏ ದರಿದ್ರದ್ದ, ಬಂದಾಗಿಂದ ನೋಡಾಕತ್ತೀನಿ. ಬಾಗಿಲಾ ಕತ್ತಿ, ಬೆಂಚ ನಾಯಿ, ನಮ್ಮಣ್ಣನ ಧೋತರ ಕಾಗಿ. ಮಂದಿ ಮನಿದೆಲ್ಲಾ ಹುಳುಕ ತಗೀತಿ, ನಿಂದೇನ ಐತಂತ ನೋಡಿಕೊಂಡಿಯೇನ ಒಂದ ದಿನಾರ?”

ಯಂತ್ರ ಗಕ್ಕನೆ ನಿಂತಿತು. ಕೆಂಪು ಕಣ್ಣು ನಿಧಾನವಾಗಿ ಕೆಳಗೆ ಬಾಗಿತು. ತನ್ನ ಮುಂಗಾಲಿನಿಂದ ಹಿಂಗಾಲಿಗೆ, ಎಡದಿಂದ ಬಲಕ್ಕೆ ಅಳೆಯಿತು.

“ಖರಾಯ,” ಎಂದಿತು. ದನಿಯಲ್ಲಿ ನಾಚಿಕೆಯಿತ್ತೆಂದು ಶಂಕ್ರವ್ವ ಈಗಲೂ ಆಣೆ ಮಾಡುತ್ತಾಳೆ. “ದೋಷವಿದೆ. ಕೊಯ್ಯಲಾಗುವುದು.”

“ಬ್ಯಾಡೋ ತಮ್ಮಾ,” ಎಂದರು ಮಾಸ್ತರರು.

ಯಾರು ಬೇಡವೆಂದರೂ ಅದು ಬಿಡುವಂತಿರಲಿಲ್ಲ. ಹೊರಸಿನಷ್ಟಿದ್ದದ್ದು ತೊಟ್ಟಿಲಿನಷ್ಟಾಯಿತು, ತೊಟ್ಟಿಲಿನಷ್ಟಿದ್ದದ್ದು ಮಸಾಲೆ ಡಬ್ಬಿಯಷ್ಟಾಯಿತು. ಕತ್ತೆ, ನಾಯಿ, ಹೊಗೆ, ಕಾಗೆ ಎನ್ನುತ್ತ ಅದರ ದನಿಯೂ ಸಣ್ಣದಾಗುತ್ತ ಬಂತು. ಅಡಿಕೆ ಡಬ್ಬಿಯ ಅಳತೆಗೆ ಬಂದಾಗ ಕಟರು ತನ್ನ ಮೈಯನ್ನೇ ಮುಟ್ಟಲಾಗದೆ ಗಾಳಿಯಲ್ಲಿ ಗುಂಯ್ ಎಂದು ತಿರುಗಿ ಸುಮ್ಮನಾಯಿತು.

ಸೋಮವಾರ ನವನಗರದಲ್ಲಿ ಮುಹೂರ್ತ ತಪ್ಪಲಿಲ್ಲ. ತಲಬಾಗಿಲಿಗೆ ಪೇಟೆಯ ಸಾದಾ ಬಾಗಿಲು ಕೂತಿತು. ಆನೆಯ ಸೊಂಡಿಲು ಮಾತ್ರ ಉಳಿದಿದ್ದ ಸಾಗವಾನಿಯ ತುಂಡು ದೇವರ ಗೂಡಿಗೆ ಕದವಾಯಿತು. ಸೊಂಡಿಲು ನೋಡಿದ ಸ್ವಾಮಿಗಳು ಗಣಪತಿ ತಾನಾಗಿ ಮೂಡಿದ್ದಾನೆಂದು ಅಡ್ಡಬಿದ್ದರು. ಚನಬಸಪ್ಪ ಇಲ್ಲವೆನ್ನಲಿಲ್ಲ, ಹೊಸ ಧೋತರದ ಅಂಚು ಸರಿಪಡಿಸಿಕೊಂಡ ಅಷ್ಟೇ.

ಹಿತ್ತಲ ಖೋಲಿಗೆ ಒಲೆಗಳನ್ನು ಮಾಸ್ತರರೇ ಹೊತ್ತು ತಂದು ಹೂಡಿದರು. ರೂಟರು ಗೋಡೆಯ ಗೂಡಿನಲ್ಲಿ ಕೂತಿದೆ. ಎದುರಿಗೆ ಬಂದ ಟ್ರೇ, ಪೊಟ್ಟಣ, ಯಾವುದನ್ನು ಕಂಡರೂ ಸೊಳ್ಳೆಯ ದನಿಯಲ್ಲಿ ಕತ್ತೆ, ನಾಯಿ ಎನ್ನುತ್ತದೆ. ರೊಟ್ಟಿಗೆ ಮಾತ್ರ ಏನೂ ಅನ್ನುವುದಿಲ್ಲ. ದುಂಡಗಿನ ರೊಟ್ಟಿಯಲ್ಲಿ ಅದಕ್ಕೆ ಉದ್ದವೂ ಸಿಗದು, ಅಗಲವೂ ಸಿಗದು.

ಮನೆಯಲ್ಲೇ ವರ್ಕ್‌ಶಾಪ್ ಹಾಕುವ ಆಸೆಯವರು ದೂರದ ಊರುಗಳಿಂದ ಈಗಲೂ ಬಂದು ಮಾಸ್ತರರನ್ನು ಕೇಳುತ್ತಾರೆ, ಖೋಲಿಗೆ ಎಷ್ಟು ದೊಡ್ಡ ರೂಟರ್ ತೆಗೆದುಕೊಳ್ಳಬೇಕ್ರಿ ಎಂದು. ಮಾಸ್ತರರು ಕೆಮ್ಮಿ, ಕನ್ನಡಕ ಒರೆಸಿ, ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಲ್ಲುತ್ತದೆ.

“ಖೋಲಿ ಯಾರದು ಅಂತ ಮದಲ ಕೇಳಿಕೊಂಡ ಬರ್ರಿ.”