ನೀಲಾ ಸಾಕು ಅಂದಾಗ

ನಮ್ಮ ಕಡೆ ಊಟಕ್ಕೆ ಕೂತವರು ‘ಸಾಕು’ ಅಂದರೆ ಊಟ ಮುಗಿಯಿತು ಅಂತ ಅರ್ಥವಲ್ಲ. ಅಸಲಿ ಊಟ ಈಗ ಶುರುವಾಯಿತು ಅಂತ ಅರ್ಥ. ಮೊದಲನೆಯ ‘ಸಾಕು’ ಬರೀ ಮರ್ಯಾದೆಗೆ. ಎರಡನೆಯದು ಅಡುಗೆ ಮಾಡಿದವಳು ಎಷ್ಟು ಒತ್ತಾಯ ಮಾಡುತ್ತಾಳೋ ನೋಡೋಣ ಅಂತ. ಮೂರನೆಯ ಸಲ ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿದರೆ ಆಗ ಸ್ವಲ್ಪ ಯೋಚನೆ ಮಾಡಬಹುದು. ಆಗಲೂ ಬೆರಳ ಸಂದಿಯಿಂದ ಒಂದು ಚಮಚ ತುಪ್ಪ ಬಿಡುವ ಹೆಂಗಸರು ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ನಿಲಂಗಾದಲ್ಲಿ ಇದ್ದಾರೆ. ಇದ್ದಾರೆ ಅಂತ ಯಾರ ಮೇಲೋ ಹಾಕುವುದೇಕೆ, ನಾನೇ ಅವಳು. ನಮ್ಮದು ಕಾಳುಕಡಿ ಕೊಂಡು ಮಾರುವ ಅಡತಿ ಅಂಗಡಿ. ವ್ಯಾಪಾರಕ್ಕೆ ಬಂದವರು ಮಧ್ಯಾಹ್ನ ನಮ್ಮ ಮನೆಯಲ್ಲೇ ಉಣ್ಣುವುದು ಹಿಂದಿನಿಂದ ನಡೆದು ಬಂದ ಪದ್ಧತಿ. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಅತ್ತೆ ನನಗೆ ಕಲಿಸಿದ ಮೊದಲ ಪಾಠವೇ ಇದು: “ಉಣ್ಣೋರ ಬಾಯಿ ಕೇಳ್ಬ್ಯಾಡ, ಕಣ್ಣು ನೋಡು.” ಆ ಪಾಠದಲ್ಲಿ ನಾನು ಎಷ್ಟು ಪಕ್ಕಾ ಆದೆನೆಂದರೆ ಎದುರಿಗಿರುವವರ ಬಾಯಿ ಕೇಳುವುದನ್ನೇ ಬಿಟ್ಟುಬಿಟ್ಟೆ.

ಹೀಗಾಗಿ ನನ್ನ ಮೊಮ್ಮಗಳು ನೀಲಾಗೆ ಮಾತು ಬರುವುದಿಲ್ಲ ಅಂತ ಗೊತ್ತಾದಾಗ ಮನೆಯವರೆಲ್ಲ ಅತ್ತರೂ ನನಗೆ ಒಳಗೊಳಗೇ ಒಂದು ಧೈರ್ಯವಿತ್ತು. ಕಣ್ಣು ನೋಡಿಯೇ ತಿಳಿದುಕೊಳ್ಳುವ ಅಜ್ಜಿ ಇರುವಾಗ ಕೂಸಿಗೆ ಬಾಯಿ ಯಾಕೆ ಬೇಕು? ನೀಲಾಗೆ ಈಗ ಎಂಟು ವರ್ಷ. ಕಿವಿ ಭಾರಿ ಚುರುಕು. ನೀರಿನ ಟ್ಯಾಂಕರ್ ಇನ್ನೂ ಆಚೆ ಓಣಿಯಲ್ಲಿರುವಾಗಲೇ ಅವಳು ಕೊಡ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ಮನೆಯ ಕನ್ನಡ, ಓಣಿಯ ಮರಾಠಿ, ಅಂಗಡಿ ಹಮಾಲರ ದಖನಿ ಉರ್ದು ಎಲ್ಲ ತಿಳಿಯುತ್ತದೆ. ಡಾಕ್ಟರು ಏನೋ ಉದ್ದನೆಯ ಹೆಸರು ಹೇಳಿದರು. ನನಗೆ ಅರ್ಥವಾದದ್ದು ಇಷ್ಟೇ: ಮಾತು ತಲೆಯಲ್ಲಿದೆ, ನಾಲಿಗೆಗೆ ಇಳಿಯುತ್ತಿಲ್ಲ. ಅವಳು ಸೆರಗು ಎಳೆದರೆ ಹಸಿವು, ಕಾಲು ಬಡಿದರೆ ನಿದ್ದೆ, ಕಿರುಚಿದರೆ ಹಟ. ಈ ನಿಘಂಟನ್ನು ಮಾಡಿದವಳು ನಾನೇ. ಅವಳನ್ನು ಕೇಳಿ ಮಾಡಿದ್ದೇನೂ ಅಲ್ಲ.

ಮಳೆ ಕೈಕೊಟ್ಟು ಊರಿಗೆ ಟ್ಯಾಂಕರ್ ನೀರೇ ಗತಿಯಾದ ಬರದ ವರ್ಷಗಳಲ್ಲೇ ಲಾತೂರಿನಿಂದ ಶುಭಾಂಗಿ ಮೇಡಂ ನಮ್ಮ ಮನೆಗೆ ಬರತೊಡಗಿದರು. ಮಾತು ಬಾರದ ಮಕ್ಕಳಿಗೆ ಕಲಿಸುವವರು. ಅವರ ಮಾತು ಕೇಳಿ ನನ್ನ ಮಗ ಒಂದು ಟ್ಯಾಬ್ ತಂದ. ಅದರ ತುಂಬ ಚೌಕ ಚೌಕದ ಚಿತ್ರಗಳು. ಚಿತ್ರ ಮುಟ್ಟಿದರೆ ಯಂತ್ರ ಆ ಮಾತು ಆಡುತ್ತದೆ. ಮೊದಲು ಅದು ರೈಲ್ವೆ ಸ್ಟೇಷನ್ನಿನ ಹೆಂಗಸಿನ ಹಾಗೆ ಹಿಂದಿ ಮಾತಾಡುತ್ತಿತ್ತು. ಮನೆಯ ಮಾತನ್ನೇ ತುಂಬಿ ಅಂದರು ಮೇಡಂ. ನನ್ನ ಸೊಸೆ ಸುನಂದಾ ಫ್ಯಾನು ಬಂದ್ ಮಾಡಿಕೊಂಡು, ಬೆವರು ಒರೆಸಿಕೊಳ್ಳುತ್ತ, ಒಂದೊಂದೇ ಮಾತನ್ನು ತನ್ನ ದನಿಯಲ್ಲಿ ತುಂಬಿದಳು. ‘ನೀರು’ ಅನ್ನುವ ಚಿತ್ರ ಒತ್ತಿದರೆ ಇವತ್ತಿಗೂ ಹಿಂದೆ ಕೊಡಗಳು ಬಡಿದಾಡುವುದು ಕೇಳಿಸುತ್ತದೆ. ಅದೇ ಹೊತ್ತಿಗೆ ಓಣಿಗೆ ಟ್ಯಾಂಕರ್ ಬಂದಿತ್ತು.

ಯಾವ ಮಾತು ತುಂಬಬೇಕು ಅನ್ನುವುದರಲ್ಲಿ ನನ್ನದೇ ಹುಕುಂ ನಡೆಯಿತು. ‘ಶರಣು’, ‘ನಮಸ್ಕಾರ’, ‘ಬರ್ರಿ, ಕೂಡ್ರಿ’, ‘ಊಟ ಛಲೋ ಆಗ್ಯದ’. ಬಂದವರ ಮುಂದೆ ಕೂಸು ಎರಡು ಒಳ್ಳೆಯ ಮಾತು ಆಡಲಿ ಅಂತ ನನ್ನ ಆಸೆ. ಮೇಡಂ ನೋಡಿ ನಕ್ಕರು. “ಆಜಿ, ಇದೆಲ್ಲ ನಿಮಗೆ ಕೇಳಬೇಕು ಅನ್ನಿಸುವ ಮಾತು. ಅವಳಿಗೆ ಆಡಬೇಕು ಅನ್ನಿಸುವ ಮಾತು ಎಲ್ಲಿ?” ಅಂತ ತಮ್ಮ ಮರಾಠಿಯಲ್ಲಿ ಕೇಳಿ, ‘ಬೇಕು’, ‘ಬ್ಯಾಡ’, ‘ಸಾಕು’, ‘ಹೋಗು’, ‘ಯಾಕ’ ಅನ್ನುವ ಚೌಕಗಳನ್ನು ಮುಂದಕ್ಕೆ ತಂದರು. ನಮ್ಮ ಮನೆಯಲ್ಲಿ ಹಿರಿಯರ ಮುಂದೆ ಯಾವ ಮಗುವೂ ಆಡಬಾರದ ಮಾತುಗಳೇ ಅವು! ಅವುಗಳನ್ನು ದುಡ್ಡು ಕೊಟ್ಟು ತಂದ ಯಂತ್ರದಲ್ಲಿ ತುಂಬಬೇಕೇ ಅಂತ ನನಗೆ ಒಳಗೇ ಕುದಿಯಿತು.

ಇನ್ನೊಂದು ಸಂಕಟವೂ ಇತ್ತು. ಬೆರಳಿನಿಂದ ಕೆಲಸ ಆಗತೊಡಗಿದರೆ ಬಾಯಿ ಇನ್ನಷ್ಟು ಮೈಗಳ್ಳ ಆಗುವುದಿಲ್ಲವೇ? ಹಾಗಾಗುವುದಿಲ್ಲ, ಮಾತು ಬರುವುದಿದ್ದರೆ ಇದು ಅಡ್ಡ ಬರುವುದಿಲ್ಲ, ಎಷ್ಟೋ ಮಕ್ಕಳಿಗೆ ಅನುಕೂಲವೇ ಆಗುತ್ತದೆ ಅಂತ ಮೇಡಂ ಸಮಾಧಾನ ಹೇಳಿದರು. ನನಗೆ ನಂಬಿಕೆ ಬರಲಿಲ್ಲ. ಮೇಲಾಗಿ ಬೆಲೆಯುಳ್ಳ ಸಾಮಾನು, ಬರದ ಊರಿನ ಧೂಳು ಬೇರೆ. ಟ್ಯಾಬನ್ನು ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ ಬೆಳ್ಳಿ ಸಾಮಾನಿನ ಪಕ್ಕ ಅಲಮಾರಿಯಲ್ಲಿಟ್ಟು, ಸಂಜೆ ಒಂದು ತಾಸು ತೆಗೆದುಕೊಡುತ್ತಿದ್ದೆ. ಮುಂದಿನ ವಾರ ಬಂದ ಮೇಡಂ ಅದನ್ನು ಕಂಡು, “ನಿಮ್ಮ ನಾಲಿಗೆಯನ್ನೂ ರಾತ್ರಿ ಇದರಲ್ಲೇ ಇಟ್ಟು ಕೀಲಿ ಹಾಕ್ತೀರಾ?” ಅಂದರು. ನಮ್ಮ ಯಜಮಾನರು ನಕ್ಕ ನಗುವನ್ನು ನಾನು ಇನ್ನೂ ಮರೆತಿಲ್ಲ. ಅವರ ಮುಖದ ಮೇಲೆ ಎಷ್ಟೋ ವರ್ಷದ ಆಸೆಯೊಂದು ಎದ್ದು ಕಾಣುತ್ತಿತ್ತು.

ಅಂದಿನಿಂದ ಟ್ಯಾಬು ನೀಲಾಳ ಕೊರಳಲ್ಲಿ ಪಟ್ಟಿ ಹಾಕಿಕೊಂಡು ಓಡಾಡತೊಡಗಿತು. ನಾವೂ ಮಾತಾಡುವಾಗ ಚಿತ್ರ ಒತ್ತಿ ತೋರಿಸಬೇಕು, ಮಕ್ಕಳು ನೋಡಿಯೇ ಕಲಿಯುವುದು ಅಂತ ಮೇಡಂ ಹೇಳಿದ್ದರು. ನಮ್ಮ ಯಜಮಾನರು ಚಹಾ ಬೇಕಾದರೆ ನೀಲಾಳನ್ನು ಕರೆದು ಅವಳ ಎದುರಿಗೆ ‘ಚಹಾ’, ‘ಬೇಕು’ ಒತ್ತುತ್ತಿದ್ದರು. ದಿನಕ್ಕೆ ಎರಡು ಸಲ ಇದ್ದ ಚಹಾ ಮಗುವಿನ ಶಿಕ್ಷಣದ ಹೆಸರಿನಲ್ಲಿ ಐದಕ್ಕೆ ಏರಿತು. ನೀಲಾ ಕಲಿತಳು. ‘ನೀರು’ ಅಂದಳು, ‘ಅಪ್ಪ’ ಅಂದಳು. ಒಂದು ದಿನ ನನ್ನನ್ನು ನೋಡಿ ‘ಅಜ್ಜಿ’ ಅಂತ ಒತ್ತಿದಳು. ದನಿ ಸೊಸೆಯದಾದರೇನು, ಕರೆದವಳು ನೀಲಾ. ನಾನು ಅಡುಗೆಮನೆಗೆ ಹೋಗಿ ಉಳ್ಳಾಗಡ್ಡಿ ಹೆಚ್ಚುವ ನೆಪ ಮಾಡಿಕೊಂಡು ಅತ್ತೆ.

ಒಂದೆರಡು ತಿಂಗಳಾದ ಮೇಲೆ ಮೇಡಂ ಒಂದು ವಿಚಿತ್ರ ಪ್ರಶ್ನೆ ಕೇಳಿದರು. “ನೀಲಾ ನೀರು ಕುಡಿಯುವಾಗ ಮಾತ್ರ ‘ಸಾಕು’ ಅಂತಾಳೆ. ಊಟಕ್ಕೆ ಕೂತಾಗ ಆ ಚೌಕ ಮುಟ್ಟುವುದೇ ಇಲ್ಲ, ತಾಟು ದೂಡಿ ಕಿರುಚುತ್ತಾಳೆ. ಯಾಕೆ?” ನನಗೆ ಗೊತ್ತಿರಲಿಲ್ಲ. ಅಲ್ಲೇ ರೊಟ್ಟಿ ತಟ್ಟುತ್ತಿದ್ದ ಸುನಂದಾ ತಲೆ ಎತ್ತದೆ ಹೇಳಿದಳು:

“ನೀರು ಸಾಕು ಅಂದ್ರ ನಾವು ಅಲ್ಲೇ ನಿಂದ್ರಸ್ತೀವ್ರಿ, ಒಂದ್ ಹನಿ ಹೆಚ್ಚಿಗಿ ಹಾಕಂಗಿಲ್ಲ. ರೊಟ್ಟಿ ಸಾಕು ಅಂದ್ರ ಅತ್ತಿಯವ್ರು ಇನ್ನೊಂದ್ ಹಾಕ್ತಾರ.”

ಸೊಸೆ ಹೇಳಿದ್ದು ನಿಜವಾಗಿತ್ತು. ಆ ವರ್ಷಗಳಲ್ಲಿ ನೀರೊಂದರ ಮೇಲೆ ನಾವು ಯಾರಿಗೂ ಒತ್ತಾಯ ಮಾಡುತ್ತಿರಲಿಲ್ಲ. ಅರ್ಧ ಲೋಟ ಸಾಕು ಅಂದವರಿಗೆ ಅರ್ಧವೇ. ನೀಲಾ ಮೊದಮೊದಲು ರೊಟ್ಟಿಗೂ ‘ಸಾಕು’ ಒತ್ತಿದ್ದಳು. ನಾನು “ಅಯ್ಯ, ನನ್ ಬಂಗಾರ ಸಾಕು ಅಂತದ ನೋಡ್ರಿ” ಅಂತ ಹಿಗ್ಗಿ, ಹಿಗ್ಗಿದ ಖುಷಿಗೆ ಇನ್ನೊಂದು ರೊಟ್ಟಿ ಮುರಿದು ಹಾಕಿದ್ದೆ. ಆಡಿದರೂ ನಡೆಯದ ಮಾತನ್ನು ಯಾವ ಮಗು ಎಷ್ಟು ದಿನ ಆಡೀತು? ನಾನು ಹಟ ಅಂತ ಅರ್ಥ ಬರೆದಿಟ್ಟಿದ್ದ ಆ ಕಿರುಚಾಟ ಹೊಟ್ಟೆ ತುಂಬಿದ ಕೂಸಿನ ಗೋಳಾಗಿತ್ತು. ನನಗೆ ಆ ದಿನ ನಿಜಕ್ಕೂ ಬಹಳ ಕೆಟ್ಟದೆನಿಸಿತು. ಹೀಗೇ ನಡೆದರೆ ಅವಳು ಈ ಯಂತ್ರವನ್ನೂ ಬಿಟ್ಟುಬಿಡುತ್ತಾಳೆ, ಆಮೇಲೆ ಮತ್ತೆ ಕೈಗೆ ಹಿಡಿಸುವುದು ಕಷ್ಟ ಅಂತ ಮೇಡಂ ಮೆಲ್ಲಗೆ ಹೇಳಿದರು.

ಅಂದೇ ಮನೆಯಲ್ಲಿ ಕಾಯಿದೆ ಬಂತು. ಯಾರು ‘ಸಾಕು’ ಅಂದರೂ ಒಂದೇ ಸಲಕ್ಕೆ ನಂಬಬೇಕು. ನೀಲಾಳದ್ದು ಮಾತ್ರವಲ್ಲ, ಎಲ್ಲರದೂ. ಇಲ್ಲದಿದ್ದರೆ ಅವಳಿಗೆ ಆ ಮಾತಿನ ಮೇಲೆ ಭರವಸೆ ಹೇಗೆ ಬರಬೇಕು? ನನ್ನ ಕೈ ಎಷ್ಟು ತುರಿಸುತ್ತಿತ್ತೋ ನನಗೇ ಗೊತ್ತು. ಒಂದೂವರೆ ರೊಟ್ಟಿ ಆದ ಮೇಲೆ ನೀಲಾ ಹೆದರುತ್ತ ಹೆದರುತ್ತ ‘ಸಾಕು’ ಒತ್ತಿದಳು. ನಾನು ಬುಟ್ಟಿ ಹಿಂದಕ್ಕೆ ಎಳೆದುಕೊಂಡೆ. ಅವಳು ನನ್ನ ಕೈ ನೋಡಿದಳು, ಬುಟ್ಟಿ ನೋಡಿದಳು. ಮತ್ತೊಮ್ಮೆ ಒತ್ತಿ ಪರೀಕ್ಷೆ ಮಾಡಿದಳು. ಬುಟ್ಟಿ ಇನ್ನಷ್ಟು ಹಿಂದೆ ಹೋಯಿತು. ಆಗ ಅವಳ ಮುಖದ ಮೇಲೆ ಬಂದ ನಗು, ಅದೇ ತಾನೇ ಸ್ವಂತ ಅಂಗಡಿ ತೆಗೆದವರ ಮುಖದಲ್ಲಿ ಇರುತ್ತದಲ್ಲ, ಅಂಥದು.

ಕಾಯಿದೆಗೆ ಮೊದಲು ಬಲಿಯಾದವರು ಜಳಕೋಟದ ನಮ್ಮ ಬೀಗರು, ಸುನಂದಾಳ ತಂದೆ. ಬಂದರು, ಊಟಕ್ಕೆ ಕೂತರು, ಎರಡನೆಯ ರೊಟ್ಟಿಗೆ ರೂಢಿಯಂತೆ “ಸಾಕ್ರೀ ಬೀಗತಿ” ಅಂದರು. ಎದುರಿಗೆ ನೀಲಾ ಕಣ್ಣು ಬಿಟ್ಟು ಕೂತಿದ್ದಳು. ನಾನು ರೊಟ್ಟಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ. ಬೀಗರು ಒತ್ತಾಯ ಬರುತ್ತದೆ ಅಂತ ಖಾಲಿ ತಾಟಿನ ಮುಂದೆ ಬಹಳ ಹೊತ್ತು ಕಾದರಂತೆ. ಕಡೆಗೆ ಕೈ ತೊಳೆದು ಎದ್ದರು. ವಾರ ಕಳೆಯುವುದರೊಳಗೆ ಅವರ ಮನೆಯಿಂದ ಟೆಂಪೊದಲ್ಲಿ ಒಂದು ಚೀಲ ಜೋಳ ಬಂದು ಇಳಿಯಿತು. ಜೊತೆಗೆ ಮಗಳಿಗೆ ಫೋನು: “ಬರಗಾಲ ಎಲ್ಲಾರಿಗೂ ಬಂದದವ್ವ, ಇದ್ರಾಗ ನಾಚ್ಕಿ ಏನದ? ಮೊದಲೇ ಹೇಳ್ಬಾರದೇನು?”

“ಅಡತಿ ಅಂಗಡ್ಯವ್ರ ಮನಿಗಿ ಜ್ವಾಳ ಕಳ್ಸ್ಯಾರಲ್ಲ!” ಅಂತ ನಮ್ಮ ಯಜಮಾನರು ಎರಡು ದಿನ ಹಣೆ ಬಡಿದುಕೊಂಡರು. ಪೇಟೆಯಲ್ಲಿ ಮುಖ ತೋರಿಸುವುದು ಹೇಗೆ ಅಂತ ಅವರ ಚಿಂತೆ. ಸುನಂದಾ ಅಪ್ಪನಿಗೆ ಎಲ್ಲ ಬಿಡಿಸಿ ಹೇಳಿದ ಮೇಲೆ ಅವರು ನಕ್ಕರಂತೆ. ಜೋಳ ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

ಇಷ್ಟೆಲ್ಲ ಆಗಿ, ಉದಗೀರಿನಲ್ಲಿರುವ ನನ್ನ ತಂಗಿ ಶಾಂತಾಳ ಬಸುರಿ ಸೊಸೆಯ ಕುಬಸಕ್ಕೆ ನೀಲಾಳನ್ನು ಕರೆದುಕೊಂಡು ಹೋದೆ. ಬರದ ವರ್ಷ ಅಂತ ಜನ ಕಡಿಮೆ ಕರೆದಿದ್ದರು, ಆದರೆ ಹೂರಣದ ಹೋಳಿಗೆ ಮಾಡಿದ್ದರು. ಶಾಂತಾಳ ಕೈಯ ಹೋಳಿಗೆ ಅಂದರೆ ನನಗೆ ಚಿಕ್ಕಂದಿನಿಂದ ಜೀವ. ಮೊದಲನೆಯದು ಬಾಯಲ್ಲಿಟ್ಟೆನೋ ಇಲ್ಲವೋ ಕರಗಿಹೋಯಿತು. ಶಾಂತಾ ಎರಡನೆಯದು ಹಿಡಿದು ಬಂದಳು. ನಾನು ಕೈ ಅಡ್ಡ ಹಿಡಿದು, “ಸಾಕು ಶಾಂತಾ, ಹೊಟ್ಟಿ ತುಂಬ್ಯದ” ಅಂದೆ. ಹಾಗೆ ಅನ್ನುತ್ತಲೇ ತಾಟನ್ನು ಬೆರಳಿನಿಂದ ಚೂರು ಮುಂದಕ್ಕೆ ಸರಿಸಿದ್ದು ಶಾಂತಾಳಿಗೆ ಮಾತ್ರ ಕಂಡಿತು.

“ಏನಕ್ಕ, ಒಂದೇ ಹೋಳಿಗಿಗಿ ಸಾಕಂತಿ? ತಂಗಿ ಮ್ಯಾಲ ಸಿಟ್ಟಾಗೀಯೇನು?” ಅಂತ ಅವಳು ಬಗ್ಗಿದಳು.

ಪಕ್ಕದಲ್ಲಿ ನೀಲಾಳ ಕೊರಳ ಟ್ಯಾಬಿನಿಂದ ಸುನಂದಾಳ ದನಿ ಕೇಳಿಸಿತು: “ಅಜ್ಜಿ. ಸಾಕು.”

ಶಾಂತಾ ನಕ್ಕು ಹೋಳಿಗೆ ಇನ್ನೂ ಕೆಳಗೆ ತಂದಳು. ನೀಲಾಳ ಮುಖ ಕೆಂಪಾಯಿತು. ದನಿ ಪೂರ್ತಿ ಏರಿಸಿ, ಒಂದೊಂದೇ ಚೌಕವನ್ನು ಬೆರಳಿನಿಂದ ಕುಟ್ಟಿದಳು. “ಅಜ್ಜಿ. ಸಾಕು. ಹೋಗು.”

ಇಡೀ ಪಂಕ್ತಿ ನಮ್ಮ ಕಡೆ ತಿರುಗಿತು. ನೀಲಾ ಮೂರು ಮಾತು ಜೋಡಿಸಿದ್ದು ಅದೇ ಮೊದಲು. ತನಗಾಗಿ ಅಲ್ಲದೆ ಇನ್ನೊಬ್ಬರಿಗಾಗಿ ಮಾತಾಡಿದ್ದೂ ಅದೇ ಮೊದಲು. ತನ್ನ ಅಜ್ಜಿ ಸಾಕು ಅಂದರೂ ಯಾರೋ ಕೇಳುತ್ತಿಲ್ಲ ಅಂತ ಅವಳ ಸಂಕಟ. ಅದು ಎಂಥ ಸಂಕಟ ಅಂತ ನಮ್ಮಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? “ಅವ್ವಯ್ಯಾ, ಅಜ್ಜಿಗಿ ವಕೀಲಿ ಬಂದಾಳಲ್ಲ!” ಅಂತ ಶಾಂತಾ ಹಿಂದೆ ಸರಿದು ನನ್ನನ್ನು ನೋಡಿದಳು. ಆಗ ನಾನು ಒಂದು ಮಾತು, ‘ಇರ್ಲಿ ಹಾಕು’ ಅಂತ ಅಂದಿದ್ದರೆ ಸಾಕಿತ್ತು. ಹೋಳಿಗೆ ನನ್ನ ತಾಟಿಗೆ ಬೀಳುತ್ತಿತ್ತು, ನೀಲಾ ಗಳಿಸಿಕೊಂಡ ಆ ಮಾತು ಮಣ್ಣುಪಾಲಾಗುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡೆ. ತುಪ್ಪ ಹಚ್ಚಿದ ಹೋಳಿಗೆ ಪಕ್ಕದವರ ತಾಟಿಗೆ ಹೋಯಿತು. ನನ್ನ ಕಣ್ಣಲ್ಲಿ ನೀರು ಬಂತು. ಮೊಮ್ಮಗಳು ಮಾತಾಡಿದ ಖುಷಿಗೆ ಅಂತ ಎಲ್ಲರೂ ತಿಳಿದರು. ಬಹುಪಾಲು ಅದಕ್ಕೇ. ಉಳಿದ ಪಾಲು ಹೋಳಿಗೆಗೆ.

ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ನೀಲಾ, ಶಾಂತಾ ದಾರಿಗೆಂದು ಕಟ್ಟಿಕೊಟ್ಟಿದ್ದ ಕಾಗದದ ಪೊಟ್ಟಣ ಬಿಚ್ಚಿದಳು. ಒಳಗೆ ಒಂದೇ ಒಂದು ಹೋಳಿಗೆ. ಅದನ್ನು ಎರಡು ಮಾಡಿ ಅರ್ಧ ನನ್ನ ಮುಂದೆ ಹಿಡಿದಳು. ನನ್ನ ಹೊಟ್ಟೆ ಚುರುಗುಡುತ್ತಿತ್ತು, ಆದರೆ ಜನ್ಮದ ರೂಢಿ, ನಾಲಿಗೆ ನನ್ನನ್ನು ಕೇಳದೆ ಆಡಿಬಿಟ್ಟಿತು: “ಬ್ಯಾಡವ್ವ, ನೀನೇ ತಿನ್ನು.” ನೀಲಾ ಒಂದೇ ಸಲಕ್ಕೆ ನಂಬಿದಳು. ಆ ಅರ್ಧವನ್ನು ತನ್ನ ಬಾಯಿಗೆ ಹಾಕಿಕೊಂಡು ಇನ್ನೊಂದು ಅರ್ಧ ಎತ್ತಿಕೊಂಡಳು. ನಾನು ಆಚೆ ಈಚೆ ನೋಡಿ, ಅವಳ ಕೊರಳಲ್ಲಿದ್ದ ಟ್ಯಾಬನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿಕೊಂಡು ‘ಬೇಕು’ ಎಲ್ಲಿದೆ ಅಂತ ಹುಡುಕತೊಡಗಿದೆ. ಕನ್ನಡಕ ಇರಲಿಲ್ಲ, ಬಸ್ಸು ಕುಲುಕುತ್ತಿತ್ತು. ನೀಲಾ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ನನ್ನ ಬೆರಳು ಹಿಡಿದು, ಮೇಡಂ ತನಗೆ ಕಲಿಸಿದ ಹಾಗೆಯೇ, ಸರಿಯಾದ ಚೌಕದ ಮೇಲೆ ಇಟ್ಟು ಒತ್ತಿದಳು.