ಹದಿನಾಲ್ಕು ವರ್ಷದ ಬೇಕಾರ

೧೯೪೧ರ ಶ್ರಾವಣದ ಎರಡನೆಯ ಬುಧವಾರ, ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ, ನಿರ್ಣಾದ ಶಿವರಾಜ ಹುಮನಾಬಾದಿನ ಬೇಕಾರಿ ಅಂದಾಜು ಕಚೇರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಬಲಗಾಲಿನದನ್ನು ಮೊದಲು ಬಿಟ್ಟನೆಂಬುದು ಕೂಡಲೇ ದಾಖಲಾಯಿತು.

ನೌಕರಿ ಕೇಳಿ ಬಂದವರಲ್ಲಿ ಯಾರು ಬಹುಕಾಲ ಕೆಲಸವಿಲ್ಲದ ಬೇಕಾರರಾಗಿ ಉಳಿಯುತ್ತಾರೆಂದು ಮೊದಲೇ ಕಂಡುಹಿಡಿಯುವುದು ಆ ಕಚೇರಿಯ ಕರ್ತವ್ಯ. ನೌಕರಿ ಕೊಡಿಸುವುದು ಬೇರೆ ಕಚೇರಿಯ ಕೆಲಸ. ಅದು ಇನ್ನೂ ತೆರೆದಿರಲಿಲ್ಲ.

"ನಿಮ್ಮ ಮಾಮಾ ಯಾವ ಕಚೇರ್ಯಾಗ ಅದಾರ?" ಎಂದು ಕಚೇರಿ ನಡೆಸುವ ಪೇಶಕಾರ ತುಳಜಾರಾಮ ಕೇಳಿದ.

"ಹೊಲದಾಗ ಅದಾರ್ರಿ."

"ಉರ್ದು ಬರ್ತದೇನು?"

"ಕನ್ನಡ, ಮರಾಠಿ ಬರ್ತಾವ್ರಿ. ಲೆಕ್ಕಾನೂ ಬರ್ತದ."

"ಕೇಳಿದ್ದು ಅಷ್ಟ ಹೇಳು ತಮ್ಮಾ. ಹೆಚ್ಚಿಗಿ ಹೇಳಿದ್ರ ಅದಕ್ಕೂ ವರ್ಷ ಕೂಡಿಸಬೇಕಾಗ್ತದ."

ಕೂಡಿಸಿದ. ಶಿವರಾಜ ಹದಿನಾಲ್ಕು ವರ್ಷ ಬೇಕಾರನಾಗಿರುತ್ತಾನೆಂದು ಸರಕಾರದ ಭಾಷೆಯಾದ ಉರ್ದುವಿನಲ್ಲಿ ಬರೆದು, ಕೆಂಪು ಮೊಹರು ಒತ್ತಿ, ಕಾಗದ ಕೈಗಿಟ್ಟ.

ಶಿವರಾಜನಿಗೆ ಅಷ್ಟು ವರ್ಷ ಕಾಯುವ ಅನುಕೂಲವಿರಲಿಲ್ಲ. ಕೊಡಂಬಲದ ಮಹಾರುದ್ರಪ್ಪ ತನ್ನ ಮಗಳು ಕಸ್ತೂರಿಬಾಯಿಯನ್ನು ಅವನಿಗೆ ಕೊಡಲು ಒಪ್ಪಿದ್ದ. ದೀಪಾವಳಿಯೊಳಗೆ ನೌಕರಿ ಹಿಡಿಯದಿದ್ದರೆ ಬೇರೆ ಗಂಡು ನೋಡುವುದಾಗಿಯೂ ಹೇಳಿದ್ದ. ಕಸ್ತೂರಿಬಾಯಿ ಬೇರೆ ಗಂಡನ್ನು ನೋಡಲು ತಯಾರಿರಲಿಲ್ಲ. ಆದರೆ ಅವಳನ್ನು ಯಾರೂ ಕೇಳಿರಲಿಲ್ಲ.

ದೈವವಶಾತ್ ತಿಂಗಳೊಳಗೆ ಕಲ್ಯಾಣದ ಬೆಲ್ಲದ ವ್ಯಾಪಾರಿ ಬಸವಣಪ್ಪ ಶಿವರಾಜನನ್ನು ಗುಮಾಸ್ತನಾಗಿ ಕರೆದ. ಶಿವರಾಜ ಸಂತೋಷದಿಂದ ಪೇಶಕಾರನಿಗೆ ಸುದ್ದಿ ಹೇಳಲು ಓಡಿಬಂದ. ತುಳಜಾರಾಮನ ಮುಖ ಬಾಡಿತು.

"ನಿನಗ ನಾನೇನು ಅನ್ಯಾಯ ಮಾಡೀನಿ ಹೇಳು? ಕಲ್ಯಾಣದ ಪೇಶಕಾರಂದು ಎರಡು ಅಂದಾಜು ತಪ್ಪಿದ್ದಕ್ಕ ಅವನ್ನ ಎಲ್ಲಿಗಿ ಒಗದಾರ ಗೊತ್ತದೇನು? ನನ್ನ ಹೆಂಡ್ತಿ ಈಗಷ್ಟ ಎಮ್ಮಿ ತಗೊಂಡಾಳ. ಎಮ್ಮಿ ಕಟ್ಕೊಂಡು ನಾ ಎಲ್ಲಿಗಿ ಹೋಗಲಿ?"

"ನಾ ನೌಕರಿ ಹಿಡೀದಿದ್ರ ಲಗ್ನ ಮುರೀತದ್ರಿ, ಸಾಹೇಬ್ರ."

"ಹಿಡದ್ರ ಸರಕಾರದ ಮಾತು ಮುರೀತದ. ಯಾವುದು ದೊಡ್ಡದು?"

"ಲಗ್ನಾರಿ."

ಇಂಥ ಉತ್ತರಕ್ಕೆ ನಿಯಮವಿರಲಿಲ್ಲ. ತುಳಜಾರಾಮ ಎರಡು ದಿನ ಯೋಚಿಸಿ ಒಂದನ್ನು ಮಾಡಿದ. ಅದರ ಪ್ರಕಾರ, ಅಂದಾಜು ನಿಜವಾಗುವಂತೆ ಕಾಯ್ದುಕೊಳ್ಳಲು ಬೇಕಾರನನ್ನು ದಿನವೂ ಹತ್ತರಿಂದ ಐದರವರೆಗೆ ಕಚೇರಿಯಲ್ಲೇ ಕೂರಿಸಿ, ತಿಂಗಳಿಗೊಮ್ಮೆ ಭತ್ಯೆ ಕೊಡತಕ್ಕದ್ದು. ಕೂತಲ್ಲಿ ಅವನು ಯಾವ ಕೆಲಸವನ್ನೂ ಮಾಡತಕ್ಕದ್ದಲ್ಲ. ಮಾಡಿದರೆ ಭತ್ಯೆ ರದ್ದು.

ಬೆಲ್ಲದ ಅಂಗಡಿಗೆ ಹೋಗಬೇಕಿದ್ದ ಶಿವರಾಜನಿಗೆ ಮೇಜು, ಕುರ್ಚಿ, ಮಸಿಯಿಲ್ಲದ ದೌತಿ ಕೊಡಲಾಯಿತು.

ದೀಪಾವಳಿಗೆ ಎಂಟು ದಿನವಿರುವಾಗ ಮಹಾರುದ್ರಪ್ಪ ತಾನೇ ವಿಚಾರಣೆಗೆ ಕಚೇರಿಗೆ ಬಂದ. ಶಿವರಾಜ ಸುಳ್ಳು ಹೇಳುವವನಲ್ಲ, ಕಾಗದವನ್ನೇ ಮುಂದಿಟ್ಟ. ಮಹಾರುದ್ರಪ್ಪನಿಗೆ ಉರ್ದು ಬಾರದು. ಆತ ಮೊಹರನ್ನು ಬೆರಳಿಂದ ಸವರಿ ನೋಡಿದ.

"ಎಷ್ಟು ವರ್ಷಕ್ಕ?"

"ಹದಿನಾಲ್ಕು ವರ್ಷಕ್ಕ ಬರದಾರ್ರಿ, ಮಾವಾ."

"ಶಾಬಾಸ್! ಕೆಲಸ ಏನು?"

"ಏನೂ ಇಲ್ರಿ."

"ಖರೇ?"

"ಏನರ ಮಾಡಿದ್ರ ತೆಗೀತಾರ್ರಿ."

ಮಹಾರುದ್ರಪ್ಪ ಕೈಮುಗಿದ. "ನಾ ಏನೋ ಸಣ್ಣ ಗುಮಾಸ್ತಗಿರಿ ಇರಬೇಕು ಅಂದಿದ್ದೆ. ಏನೂ ಮಾಡಲಾರದ ಕೆಲಸ ಅಂದ್ರ ಭಾಳ ದೊಡ್ಡ ಹುದ್ದಾ ಆಯ್ತು. ಅಂಥವರು ಬೀದರಿನಾಗ ಇಬ್ರು, ಮೂವರು ಇರಬಹುದು."

ತುಳಸಿ ಲಗ್ನದ ಮರುವಾರ ಕೊಡಂಬಲದಲ್ಲಿ ಮದುವೆಯಾಯಿತು. ತುಳಜಾರಾಮ ಎಮ್ಮೆಯ ತುಪ್ಪ ತಂದಿದ್ದ. ಅಕ್ಷತೆ ಹಾಕುವಾಗ ಮಾತ್ರ ಶಿವರಾಜನ ಕಿವಿಯಲ್ಲಿ, "ನಾಳೆ ಹತ್ತಕ್ಕ ಬಾ. ರಜಾ ನೌಕರದಾರರಿಗೆ ಇರ್ತದ, ನಿನಗಿಲ್ಲ" ಎಂದ.

ಆ ಸಾಲಿನ ವರದಿಯಲ್ಲಿ ಹುಮನಾಬಾದ ಕಚೇರಿಯ ಅಂದಾಜುಗಳು ನೂರಕ್ಕೆ ನೂರು ನಿಜವಾದುವೆಂದು ನಮೂದಾಗಿದೆ. ೧೯೪೮ರಲ್ಲಿ ಸರಕಾರ ಬದಲಾಯಿತು. ಶಿವರಾಜನ ಕೈಕೆಳಗೆ ಆಗ ಇಬ್ಬರು ಬೇಕಾರರಿದ್ದರು.